ಟಾಮಿ ಬರ್ನ್ಸ್: ಮರೆತುಹೋದ ಮುಷ್ಟಿಮಲ್ಲ

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆಯನ್ನು ಕೇಳದವರು ವಿರಳ. ಆಕಾರದಿಂದ ಆಳನ್ನು ಅಳೆಯಬಾರದೆಂಬ ವಿವೇಕ ಈ ಮಾತಿನಲ್ಲಿದೆ. ಆದರೆ ಮುಷ್ಟಿಯುದ್ಧದ ಇತಿಹಾಸದಲ್ಲಿ ಒಬ್ಬ ಮಲ್ಲನ ಪಾಲಿಗೆ ಈ ಗಾದೆ ಅರ್ಧದಷ್ಟೇ ನಿಜವಾಯಿತು. ಅವನ ಮೂರ್ತಿ ಚಿಕ್ಕದಾಗಿತ್ತು. ಕೀರ್ತಿಯೂ ಬಹುಕಾಲ ಚಿಕ್ಕದಾಗಿಯೇ ಉಳಿಯಿತು. ಅವನೇ ಟಾಮಿ ಬರ್ನ್ಸ್. 1906ರಿಂದ 1908ರವರೆಗೆ ಜಗತ್ತಿನ ಹೆವಿವೇಟ್ ಚಾಂಪಿಯನ್ ಎನಿಸಿಕೊಂಡಿದ್ದ ಈತನನ್ನು ಜನರು ನೆನೆಯುವುದು ಒಂದೇ ಒಂದು ಸೋಲಿನ ಕಾರಣದಿಂದ. ‘ಜಾಕ್ ಜಾನ್ಸನ್ನನಿಂದ ಸಿಡ್ನಿಯಲ್ಲಿ ಪೆಟ್ಟು ತಿಂದವನು’ ಎಂಬ ಒಂದು ವಾಕ್ಯದಲ್ಲಿ ಅವನ ಬಾಳೆಲ್ಲ ಮುಗಿದುಹೋಗುತ್ತದೆ. ಆ ಸೋಲು ಹೇಗೆ ಬಂದಿತು, ಆ ಕಣಕ್ಕೆ ಅವನು ಏಕೆ ಇಳಿದನು ಎಂಬುದನ್ನು ವಿಚಾರಿಸಿದವರು ಕಡಿಮೆ. ವಿಚಾರಿಸಿದರೆ, ಅವನಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ಣವಾಗಿ ಸಂದಿಲ್ಲವೆಂದು ತಿಳಿಯುತ್ತದೆ.

ಮುಷ್ಟಿಯುದ್ಧದಲ್ಲಿ ಸ್ಪರ್ಧಿಗಳನ್ನು ಅವರ ದೇಹದ ತೂಕಕ್ಕೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸುತ್ತಾರೆ. ಇವುಗಳಲ್ಲಿ ಅತ್ಯಂತ ಭಾರದ ವರ್ಗವೇ ಹೆವಿವೇಟ್. ಉಳಿದ ವರ್ಗಗಳಲ್ಲಿ ಇಷ್ಟಕ್ಕಿಂತ ಹೆಚ್ಚು ತೂಕವಿರಬಾರದೆಂಬ ಮಿತಿಯುಂಟು. ಇಲ್ಲಿ ಮೇಲ್ಮಿತಿಯೇ ಇಲ್ಲ. ಆದುದರಿಂದ ಈ ವರ್ಗದ ಚಾಂಪಿಯನ್ನನನ್ನು ಜಗತ್ತಿನ ಅತ್ಯಂತ ಬಲಿಷ್ಠ ಪುರುಷನೆಂದು ಅಂದಿನ ಜನರು ಭಾವಿಸುತ್ತಿದ್ದರು. ಬರಿಗೈಯಿಂದ ಹೋರಾಡುವ ಹಳೆಯ ಪದ್ಧತಿ ಹೋಗಿ, ಕೈಗೆ ಗವಸು ತೊಟ್ಟು, ಮೂರು ಮೂರು ನಿಮಿಷಗಳ ಸುತ್ತುಗಳಲ್ಲಿ ಹೋರಾಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ನೆಲೆಗೊಂಡಿತು. ನಿಯಮಗಳು ಸುಧಾರಿಸಿದುವು, ಮನಸ್ಸುಗಳು ಸುಧಾರಿಸಲಿಲ್ಲ. ಅಮೆರಿಕದ ಬಿಳಿಯ ಚಾಂಪಿಯನ್ನರು ಕಪ್ಪು ಜನಾಂಗದ ಮಲ್ಲರೊಡನೆ ಪ್ರಶಸ್ತಿಗಾಗಿ ಸೆಣಸಲು ಒಪ್ಪುತ್ತಿರಲಿಲ್ಲ. ಈ ನಿರಾಕರಣೆಗೆ ‘ಬಣ್ಣದ ಗೆರೆ’ ಎಂದು ಹೆಸರಾಗಿತ್ತು. ಯಾವ ಕಾಯಿದೆಯ ಪುಸ್ತಕದಲ್ಲಿಯೂ ಬರೆಯದೆ ಇದ್ದ ಈ ಗೆರೆ ಕಾಯಿದೆಗಿಂತ ಬಲವಾಗಿತ್ತು.

1882ರಿಂದ 1892ರವರೆಗೆ ಚಾಂಪಿಯನ್ನನಾಗಿದ್ದ ಜಾನ್ ಎಲ್. ಸಲಿವನ್ ಈ ಗೆರೆಯನ್ನು ಬಹಿರಂಗವಾಗಿಯೇ ಎಳೆದನು. ಪೀಟರ್ ಜಾಕ್ಸನ್ ಎಂಬ ಕಪ್ಪು ಜನಾಂಗದ ಅಸಾಧಾರಣ ಮಲ್ಲನೊಡನೆ ಅವನು ಸೆಣಸಲೇ ಇಲ್ಲ. 1899ರಿಂದ ಆ ಪ್ರಶಸ್ತಿಯನ್ನು ಹೊಂದಿದ್ದ ಜೇಮ್ಸ್ ಜೆಫ್ರೀಸ್ ಭೀಮಕಾಯದವನು. ಅವನು ಸಹ ಕಪ್ಪು ಜನಾಂಗದವರೊಡನೆ ಪ್ರಶಸ್ತಿಯನ್ನು ಪಣಕ್ಕೊಡ್ಡಲು ಒಲ್ಲದೆ, 1905ರಲ್ಲಿ ಅಜೇಯನಾಗಿಯೇ ನಿವೃತ್ತನಾದನು. ತೆರವಾದ ಸ್ಥಾನಕ್ಕೆ ನಡೆದ ಪಂದ್ಯದಲ್ಲಿ ಮಾರ್ವಿನ್ ಹಾರ್ಟ್ ಗೆದ್ದು ಚಾಂಪಿಯನ್ನನಾದನು. ಟಾಮಿ ಬರ್ನ್ಸ್ ರಂಗಕ್ಕೆ ಬಂದುದು ಈ ಸನ್ನಿವೇಶದಲ್ಲಿ.

ಬರ್ನ್ಸನ ನಿಜವಾದ ಹೆಸರು ನೋವಾ ಬ್ರುಸ್ಸೋ. 1881ರ ಜೂನ್ 17ರಂದು ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಹ್ಯಾನೋವರ್ ಎಂಬ ಊರಿನ ಬಳಿ ಅವನು ಜನಿಸಿದನು. ಹದಿಮೂರು ಮಕ್ಕಳ ಬಡ ಸಂಸಾರದಲ್ಲಿ ಅವನು ಹನ್ನೆರಡನೆಯವನು. ಬಾಲ್ಯದಲ್ಲಿ ಹಾಕಿ, ಲಕ್ರಾಸ್ ಮೊದಲಾದ ಆಟಗಳಲ್ಲಿ ಅವನಿಗೆ ಅಪಾರ ಆಸಕ್ತಿಯಿತ್ತು. ಗಡಿಯಾಚೆಯ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಅವನು ಮುಷ್ಟಿಯುದ್ಧವನ್ನು ವೃತ್ತಿಯಾಗಿ ಕೈಗೊಂಡನು. ಅಲ್ಲಿ ನಡೆದ ಒಂದು ಪಂದ್ಯದಲ್ಲಿ ಅವನ ಎದುರಾಳಿ ಪ್ರಜ್ಞೆ ತಪ್ಪಿ ಪ್ರಾಣಾಪಾಯಕ್ಕೆ ಗುರಿಯಾದನು. ಮಗನ ಈ ವೃತ್ತಿ ತಾಯಿಗೆ ಸಮ್ಮತವಿರಲಿಲ್ಲ. ಆ ಬಳಿಕ ಅವನು ಟಾಮಿ ಬರ್ನ್ಸ್ ಎಂಬ ಹೊಸ ಹೆಸರನ್ನು ಧರಿಸಿದನು. ಜಗತ್ತು ಅವನನ್ನು ಅರಿತದ್ದು ಆ ಹೆಸರಿನಿಂದಲೇ.

ಅವನ ಎತ್ತರ ಐದು ಅಡಿ ಏಳು ಅಂಗುಲ. ಹೆವಿವೇಟ್ ಚಾಂಪಿಯನ್ನರ ಸಾಲಿನಲ್ಲಿ ಅವನಷ್ಟು ಗಿಡ್ಡನಾದವನು ಮತ್ತೊಬ್ಬನಿಲ್ಲ. ತೂಕವಾದರೂ ಅವನ ಎದುರಾಳಿಗಳಲ್ಲಿ ಹಲವರಿಗಿಂತ ಕಡಿಮೆಯೇ. ಆದರೆ ಎತ್ತರಕ್ಕೆ ಮೀರಿದ ನೀಳವಾದ ತೋಳುಗಳೂ ಚುರುಕಾದ ಕಾಲುಗಳೂ ಅವನಿಗಿದ್ದುವು. ಎದುರಾಳಿಯ ಅಂತರವನ್ನು ಅಳೆದು, ಅವನು ಹೊಡೆಯಲು ಕೈ ಚಾಚಿದ ಕ್ಷಣವನ್ನೇ ಕಾದು ನುಗ್ಗಿ ಹೊಡೆಯುವುದು ಬರ್ನ್ಸನ ಕ್ರಮ. ಬಲಕ್ಕಿಂತ ಲೆಕ್ಕಾಚಾರವನ್ನು ನಂಬಿದ ಈತನು, 1908ರಲ್ಲಿ ವೈಜ್ಞಾನಿಕ ಮುಷ್ಟಿಯುದ್ಧ ಮತ್ತು ಆತ್ಮರಕ್ಷಣೆಯನ್ನು ಕುರಿತು ಒಂದು ಪುಸ್ತಕವನ್ನೂ ಪ್ರಕಟಿಸಿದನು. ಅವನು ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುತ್ತಿದ್ದುದೂ ಗಮನಿಸಬೇಕಾದ ಸಂಗತಿ. ಮಲ್ಲರು ಪೆಟ್ಟು ತಿಂದು, ಮಧ್ಯವರ್ತಿಗಳು ಹಣ ತಿನ್ನುತ್ತಿದ್ದ ಕಾಲವದು. ಬರ್ನ್ಸ್ ತನ್ನ ದುಡಿಮೆಯ ಬೆಲೆಯನ್ನು ತಾನೇ ಗೊತ್ತುಮಾಡುತ್ತಿದ್ದನು. ಇದರಿಂದ ಅವನಿಗೆ ದುರಾಸೆಯವನೆಂಬ ಹೆಸರು ಬಂದಿತು.

1906ರ ಫೆಬ್ರವರಿ 23ರಂದು ಲಾಸ್ ಏಂಜಲೀಸ್ ನಗರದಲ್ಲಿ ಬರ್ನ್ಸ್ ಮಾರ್ವಿನ್ ಹಾರ್ಟನನ್ನು ಎದುರಿಸಿದನು. ತನಗಿಂತ ಎತ್ತರವಾಗಿದ್ದ ಹಾರ್ಟನನ್ನು ಇಪ್ಪತ್ತು ಸುತ್ತುಗಳವರೆಗೂ ಕಾಡಿ, ತೀರ್ಪುಗಾರನ ನಿರ್ಣಯದಂತೆ ಗೆದ್ದು ಚಾಂಪಿಯನ್ನನಾದನು. ಆ ಸಂದರ್ಭದಲ್ಲಿ ಅವನು, ಬಣ್ಣ ಯಾವುದೇ ಇರಲಿ, ದೇಶ ಯಾವುದೇ ಇರಲಿ, ತನ್ನೊಡನೆ ಸೆಣಸಲು ಬರುವ ಯಾರನ್ನೂ ತಡೆಯುವುದಿಲ್ಲವೆಂದು ಸಾರಿದನು. ಹಿಂದಿನ ಚಾಂಪಿಯನ್ನರ ಬಾಯಿಂದ ಬಾರದಿದ್ದ ಮಾತು ಇದು. ಆದರೆ ಆಡಿದ ಮಾತು ಕೃತಿಯಾಗಲು ಸುಮಾರು ಮೂರು ವರ್ಷಗಳು ಹಿಡಿದುವು.

ಈ ಅವಧಿಯಲ್ಲಿ ಅವನು ಹತ್ತಕ್ಕಿಂತ ಹೆಚ್ಚು ಬಾರಿ ತನ್ನ ಪ್ರಶಸ್ತಿಯನ್ನು ಪಣಕ್ಕೊಡ್ಡಿ ಉಳಿಸಿಕೊಂಡನು. ಅಮೆರಿಕದಲ್ಲಿ ಗೆದ್ದು ಅಲ್ಲಿಯೇ ನಿಲ್ಲದೆ, ಹಡಗು ಹತ್ತಿ ಇಂಗ್ಲೆಂಡಿಗೆ ಹೋದನು. 1907ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಗನ್ನರ್ ಮೊಯಿರ್ ಎಂಬ ಇಂಗ್ಲಿಷ್ ಮಲ್ಲನನ್ನು ಹತ್ತನೆಯ ಸುತ್ತಿನಲ್ಲಿ ಉರುಳಿಸಿದನು. 1908ರ ಮಾರ್ಚ್ 17ರಂದು ಡಬ್ಲಿನ್ ನಗರದಲ್ಲಿ ಐರ್ಲೆಂಡಿನ ಜೆಮ್ ರೋಚನು ಅವನೆದುರು ಎರಡು ನಿಮಿಷವೂ ನಿಲ್ಲಲಾರದೆ ಹೋದನು. ಅಲ್ಲಿಂದ ಪ್ಯಾರಿಸ್, ಅಲ್ಲಿಂದ ಆಸ್ಟ್ರೇಲಿಯಾ. ಹೀಗೆ ಸಾಲಾಗಿ ಎಂಟು ಪಂದ್ಯಗಳಲ್ಲಿ ಎದುರಾಳಿಗಳನ್ನು ನೆಲಕ್ಕುರುಳಿಸಿ, ಪಂದ್ಯವನ್ನು ಅವಧಿಗೆ ಮುನ್ನವೇ ಮುಗಿಸಿದನು. ಜಗತ್ತಿನ ಚಾಂಪಿಯನ್ ಎಂದು ಕರೆಸಿಕೊಂಡವನು ಜಗತ್ತನ್ನು ಸುತ್ತಿ ಆ ಹೆಸರನ್ನು ಉಳಿಸಿಕೊಂಡುದು ಅದುವರೆಗೆ ಕಾಣದಿದ್ದ ಸಂಗತಿ.

ಆದರೂ ಒಂದು ಪ್ರಶ್ನೆ ಅವನನ್ನು ನೆರಳಿನಂತೆ ಹಿಂಬಾಲಿಸುತ್ತಿತ್ತು. ಆ ಪ್ರಶ್ನೆಯ ಹೆಸರು ಜಾಕ್ ಜಾನ್ಸನ್. 1878ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬಲ್ಲಿ ಹುಟ್ಟಿದ ಜಾನ್ಸನ್ನನ ತಂದೆತಾಯಿಗಳು ಒಂದು ಕಾಲದಲ್ಲಿ ಗುಲಾಮರಾಗಿದ್ದವರು. ಆರು ಅಡಿಗೂ ಮಿಗಿಲಾದ ಎತ್ತರ, ಎದುರಾಳಿಯ ಪೆಟ್ಟುಗಳನ್ನು ಗಾಳಿಯಲ್ಲಿಯೇ ಹಿಡಿದು ನಿಲ್ಲಿಸುವ ಕೌಶಲ, ಅವಸರವಿಲ್ಲದ ಆಟ ಇವು ಅವನ ಗುಣಗಳು. 1903ರಿಂದ ಕಪ್ಪು ಜನಾಂಗದವರ ಪ್ರತ್ಯೇಕ ಚಾಂಪಿಯನ್ ಪದವಿ ಅವನದಾಗಿತ್ತು. ಜಗತ್ತಿನ ಪ್ರಶಸ್ತಿಗೆ ಅವನು ಅರ್ಹನೆಂದು ಬಲ್ಲವರೆಲ್ಲ ಬಲ್ಲರು. ಅವಕಾಶವನ್ನು ಕೊಡುವವರು ಮಾತ್ರ ಇರಲಿಲ್ಲ. ಜಾನ್ಸನ್ ಬರ್ನ್ಸನನ್ನು ಬೆನ್ನುಹತ್ತಿ ಲಂಡನ್ನಿಗೆ ಹೋದನು. ಅಲ್ಲಿಂದ ಆಸ್ಟ್ರೇಲಿಯಾಕ್ಕೂ ಹೋದನು. ಬರ್ನ್ಸ್ ಅಂಜಿ ಓಡುತ್ತಿದ್ದಾನೆಂದು ಪತ್ರಿಕೆಗಳು ಬರೆದುವು. ಬರ್ನ್ಸ್ ಮಾತ್ರ, ಮೂವತ್ತು ಸಾವಿರ ಡಾಲರು ಕೊಟ್ಟರೆ ಸೆಣಸುವೆನೆಂದು ಪಟ್ಟುಹಿಡಿದನು. ಅಂದಿನ ದಿನಗಳಲ್ಲಿ ಮುಷ್ಟಿಮಲ್ಲನೊಬ್ಬನಿಗೆ ಅಷ್ಟು ಹಣ ಕೊಡುವುದು ಊಹೆಗೆ ಮೀರಿದ ಮಾತು.

ಆ ಹಣವನ್ನು ಕೊಡಲು ಹ್ಯೂ ಮೆಕಿಂಟಾಶ್ ಎಂಬ ಆಸ್ಟ್ರೇಲಿಯಾದ ಸಾಹಸಿ ವ್ಯಾಪಾರಿ ಮುಂದೆ ಬಂದನು. ಬರ್ನ್ಸನಿಗೆ ಮೂವತ್ತು ಸಾವಿರ ಡಾಲರು, ಜಾನ್ಸನ್ನನಿಗೆ ಐದು ಸಾವಿರ ಎಂದು ಒಪ್ಪಂದವಾಯಿತು. ಪಾಲಿನ ಈ ಅಂತರ ಅನ್ಯಾಯದ್ದೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಕೈಗೆ ಬಂದ ಅವಕಾಶವನ್ನು ಬಿಡಲಾರದೆ ಜಾನ್ಸನ್ ಒಪ್ಪಿದನು.

1908ರ ಡಿಸೆಂಬರ್ 26ರ ಬೆಳಗ್ಗೆ ಸಿಡ್ನಿ ನಗರದ ರಷ್‌ಕಟರ್ಸ್ ಬೇ ಎಂಬಲ್ಲಿ ಕಟ್ಟಿದ್ದ ಬಯಲು ಕ್ರೀಡಾಂಗಣದಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಸೇರಿದರು. ಬಿಳಿಯರಲ್ಲದವರು ದೇಶದೊಳಕ್ಕೆ ಬಂದು ನೆಲೆಸದಂತೆ 1901ರಲ್ಲಿಯೇ ಶಾಸನ ಮಾಡಿದ್ದ ನಾಡು ಅದು. ಜನರ ಒಲವು ಯಾರ ಕಡೆಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೆಕಿಂಟಾಶನೇ ತೀರ್ಪುಗಾರನಾಗಿ ನಿಂತನು. ಬರ್ನ್ಸನ ತೂಕ ಸುಮಾರು 168 ಪೌಂಡು, ಜಾನ್ಸನ್ನನದು ಸುಮಾರು 192 ಪೌಂಡು. ಮೊದಲ ಸುತ್ತಿನಲ್ಲಿಯೇ ಜಾನ್ಸನ್ನನ ಏಟಿಗೆ ಬರ್ನ್ಸ್ ನೆಲಕ್ಕೆ ಬಿದ್ದನು, ಬಿದ್ದವನು ಎದ್ದನು. ಅಲ್ಲಿಂದ ಮುಂದೆ ನಡೆದುದು ಸಮಬಲರ ಕದನವಲ್ಲ. ಜಾನ್ಸನ್ ನಗುನಗುತ್ತ, ಎದುರಾಳಿಯನ್ನು ಮಾತಿನಿಂದ ಕೆಣಕುತ್ತ, ಬೇಕೆಂದಾಗ ಹೊಡೆದನು, ಬೇಕೆಂದಾಗ ಬಿಟ್ಟನು. ಬರ್ನ್ಸನು ಸಹ ಜನಾಂಗವನ್ನು ಹಳಿಯುವ ಹೀನ ಮಾತುಗಳಿಂದ ಜಾನ್ಸನ್ನನನ್ನು ನಿಂದಿಸಿದನು. ಮುಖ ಊದಿ, ರಕ್ತ ಸುರಿಯುತ್ತಿದ್ದರೂ ಅವನು ಹಿಂದೆ ಸರಿಯಲಿಲ್ಲ. ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರೇ ನಡುವೆ ಬಂದು ಪಂದ್ಯವನ್ನು ನಿಲ್ಲಿಸಿದರು. ಚಲನಚಿತ್ರ ತೆಗೆಯುತ್ತಿದ್ದ ಯಂತ್ರವನ್ನೂ ನಿಲ್ಲಿಸಲಾಯಿತು. ಬಿಳಿಯ ಚಾಂಪಿಯನ್ನನೊಬ್ಬನು ಕಪ್ಪು ಮಲ್ಲನೆದುರು ಸೋಲುವ ಕೊನೆಯ ನೋಟ ಚಿತ್ರದಲ್ಲಿ ಉಳಿಯದೆ ಹೋಯಿತು. ಜಾಕ್ ಜಾನ್ಸನ್ ಹೆವಿವೇಟ್ ವರ್ಗದಲ್ಲಿ ಜಗತ್ತಿನ ಚಾಂಪಿಯನ್ನನಾದ ಕಪ್ಪು ಜನಾಂಗದ ಮೊದಲಿಗನೆನಿಸಿದನು.

ಆ ದಿನದಿಂದ ಬರ್ನ್ಸನ ಕೀರ್ತಿ ಇಳಿಮುಖವಾಯಿತು. ಅವನ ಮೇಲೆ ಹೊರಿಸುವ ಆರೋಪಗಳು ಮುಖ್ಯವಾಗಿ ಮೂರು: ಅವನು ನಿಜವಾದ ಹೆವಿವೇಟ್ ಮಲ್ಲನಲ್ಲ, ಅದೃಷ್ಟದಿಂದ ಚಾಂಪಿಯನ್ನನಾದವನು, ಅವನು ಜಾನ್ಸನ್ನನಿಗೆ ಅಂಜಿ ಕಾಲ ತಳ್ಳಿದವನು, ಕೊನೆಗೆ ಸೆಣಸಿದ್ದೂ ಹಣಕ್ಕಾಗಿ ಮಾತ್ರ. ಇವನ್ನು ಒಂದೊಂದಾಗಿ ಪರಿಶೀಲಿಸಬೇಕು.

ಮೊದಲನೆಯ ಆರೋಪ ನಿಲ್ಲುವುದಿಲ್ಲ. ಜೆಫ್ರೀಸನ ನಿವೃತ್ತಿಯಿಂದ ಬರ್ನ್ಸನಿಗೆ ದಾರಿ ಸುಗಮವಾದುದು ನಿಜ. ಅವನ ಎದುರಾಳಿಗಳಲ್ಲಿ ಕೆಲವರು ಸಾಮಾನ್ಯರಾಗಿದ್ದುದೂ ನಿಜ. ಆದರೆ ಅದೃಷ್ಟ ಒಮ್ಮೆ ಗೆಲ್ಲಿಸಬಹುದು. ಹಲವು ದೇಶಗಳಲ್ಲಿ, ಪರರ ನೆಲದಲ್ಲಿ, ಪರರ ಜಯಘೋಷದ ನಡುವೆ ಸಾಲಾಗಿ ಎಂಟು ಪಂದ್ಯಗಳಲ್ಲಿ ಎದುರಾಳಿಗಳನ್ನು ಉರುಳಿಸಲು ವಿದ್ಯೆ ಬೇಕು.

ಎರಡನೆಯ ಆರೋಪದಲ್ಲಿ ಸತ್ಯಾಂಶವಿದೆ. ಯಾರನ್ನೂ ತಡೆಯೆನೆಂದು ಸಾರಿದವನು ಜಾನ್ಸನ್ನನನ್ನು ಎರಡು ವರ್ಷಕ್ಕೂ ಮಿಕ್ಕಿ ಕಾಯಿಸಿದನು. ಮಾತಿಗೂ ಕೃತಿಗೂ ಇದ್ದ ಈ ಅಂತರವನ್ನು ಮರೆಮಾಚಬೇಕಾಗಿಲ್ಲ. ಆದರೆ ತೂಗುವಾಗ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. ಸಲಿವನ್ನನಿಗೆ ಪೀಟರ್ ಜಾಕ್ಸನ್ನನೊಡನೆ ಸೆಣಸುವ ಅವಕಾಶವಿತ್ತು, ಅವನು ಒಪ್ಪಲಿಲ್ಲ. ಜೆಫ್ರೀಸನಿಗೆ ಜಾನ್ಸನ್ನನ ಸವಾಲು ಮುಟ್ಟಿತ್ತು, ಅವನು ಒಪ್ಪಲಿಲ್ಲ. ಅವರಿಬ್ಬರೂ ಬರ್ನ್ಸನಿಗಿಂತ ಎತ್ತರದಲ್ಲಿಯೂ ತೂಕದಲ್ಲಿಯೂ ದೊಡ್ಡವರು. ದೊಡ್ಡವರು ದಾಟಲೊಲ್ಲದ ಗೆರೆಯನ್ನು ಗಿಡ್ಡನು ತಡವಾಗಿಯಾದರೂ ದಾಟಿದನು. ದಾಟಿದುದಕ್ಕೆ ಅವನು ತೆತ್ತ ಬೆಲೆ ಅವನ ಪ್ರಶಸ್ತಿಯೇ. ವಿಚಿತ್ರವೆಂದರೆ, ಸೆಣಸದೆ ಉಳಿದವರ ಕೀರ್ತಿಗೆ ಕುಂದು ಬರಲಿಲ್ಲ. ಸೆಣಸಿ ಸೋತವನನ್ನು ಜನರು ಹಳಿದರು.

ಮೂರನೆಯದು ಹಣದ ಮಾತು. ಬರ್ನ್ಸನ ಮನಸ್ಸಿನಲ್ಲಿದ್ದುದು ಸಮಾನತೆಯ ಆದರ್ಶವೊಂದೇ ಎಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಕಣದಲ್ಲಿ ಅವನಾಡಿದ ಹೀನ ನುಡಿಗಳೇ ಅದಕ್ಕೆ ವಿರುದ್ಧವಾದ ಸಾಕ್ಷಿ. ಅವನು ಹಣ ಬಯಸಿದನು, ಪಡೆದನು. ಆದರೆ ಮನುಷ್ಯನ ಕಾರ್ಯಗಳಲ್ಲಿ ಬಹುಪಾಲು ಇಂಥ ಬೆರಕೆಯ ಉದ್ದೇಶಗಳಿಂದಲೇ ನಡೆಯುತ್ತವೆ. ಉದ್ದೇಶ ಪೂರ್ತಿ ಶುದ್ಧವಾಗಿಲ್ಲವೆಂಬ ಕಾರಣದಿಂದ ಕಾರ್ಯದ ಫಲವನ್ನು ಅಲ್ಲಗಳೆಯಲಾಗದು. ಹಣದ ಆಸೆ ಉಳಿದ ಚಾಂಪಿಯನ್ನರಿಗೂ ಇತ್ತು. ಅವರು ಮಾತ್ರ ಬಾಗಿಲು ತೆರೆಯಲಿಲ್ಲ.

ಆ ಬಾಗಿಲು ಎಷ್ಟು ಭಾರವಾದುದೆಂಬುದು ಮುಂದಿನ ಘಟನೆಗಳಿಂದ ತಿಳಿಯುತ್ತದೆ. ಜಾನ್ಸನ್ನನನ್ನು ಕೆಳಗಿಳಿಸಲು ಬಿಳಿಯ ಮಲ್ಲನೊಬ್ಬನು ಬೇಕೆಂಬ ಕೂಗು ಅಮೆರಿಕದಲ್ಲಿ ಎದ್ದಿತು. ನಿವೃತ್ತನಾಗಿದ್ದ ಜೆಫ್ರೀಸನೇ ಮರಳಿ ಕಣಕ್ಕಿಳಿದು, 1910ರ ಜುಲೈ 4ರಂದು ರೀನೋ ನಗರದಲ್ಲಿ ಹದಿನೈದನೆಯ ಸುತ್ತಿನಲ್ಲಿ ಜಾನ್ಸನ್ನನಿಗೆ ಸೋತನು. ಆ ಸುದ್ದಿ ಹಬ್ಬಿದೊಡನೆ ಅಮೆರಿಕದ ಅನೇಕ ನಗರಗಳಲ್ಲಿ ಗಲಭೆಗಳಾಗಿ ಜನರು ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡನು ಜಾನ್ಸನ್ನನನ್ನು ಸೋಲಿಸಿದ ಮೇಲೆ ಬಾಗಿಲು ಮತ್ತೆ ಮುಚ್ಚಿತು. 1919ರಿಂದ 1926ರವರೆಗೆ ಚಾಂಪಿಯನ್ನನಾಗಿದ್ದ ಜಾಕ್ ಡೆಂಪ್ಸಿ ಬಹು ಪ್ರಖ್ಯಾತನು. ಆದರೂ ಕಪ್ಪು ಜನಾಂಗದ ಸಮರ್ಥ ಮಲ್ಲನಾದ ಹ್ಯಾರಿ ವಿಲ್ಸನೊಡನೆ ಅವನ ಪಂದ್ಯ ನಡೆಯಲೇ ಇಲ್ಲ. 1937ರಲ್ಲಿ ಜೋ ಲೂಯಿಸ್ ಚಾಂಪಿಯನ್ನನಾಗುವವರೆಗೆ, ಅಂದರೆ ಇಪ್ಪತ್ತೆರಡು ವರ್ಷಗಳ ಕಾಲ, ಕಪ್ಪು ಜನಾಂಗದ ಯಾರಿಗೂ ಆ ಪಟ್ಟ ದೊರೆಯಲಿಲ್ಲ. ಈ ದೀರ್ಘಕಾಲದ ನಿರಾಕರಣೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಬರ್ನ್ಸನ ಒಪ್ಪಿಗೆಯ ಬೆಲೆ ತಿಳಿಯುತ್ತದೆ.

ಇಷ್ಟರಿಂದ ಜಾನ್ಸನ್ನನ ಹಿರಿಮೆ ಕುಗ್ಗುವುದಿಲ್ಲ. ಗೆದ್ದವನು ಅವನು, ಅವಮಾನಗಳನ್ನು ನುಂಗಿ ಸಮುದ್ರಗಳನ್ನು ದಾಟಿ ಅವಕಾಶವನ್ನು ಕಿತ್ತುಕೊಂಡವನೂ ಅವನೇ. ಬಾಗಿಲನ್ನು ತಟ್ಟಿದವನಿಗೆ ಮೊದಲ ಗೌರವ ಸಲ್ಲಬೇಕು. ಒಳಗಿನಿಂದ ಅಗುಳಿಯನ್ನು ತೆಗೆದವನನ್ನೂ ಮರೆಯಬಾರದು.

ಬರ್ನ್ಸನ ಮುಂದಿನ ಬಾಳು ಏಳುಬೀಳುಗಳಿಂದ ಕೂಡಿತ್ತು. ಅವನು ಕೆನಡಾದ ಕ್ಯಾಲ್ಗರಿಯಲ್ಲಿ ಪಂದ್ಯಗಳನ್ನು ಏರ್ಪಡಿಸತೊಡಗಿದನು. 1913ರಲ್ಲಿ ಅಲ್ಲಿ ನಡೆದ ಪಂದ್ಯವೊಂದರಲ್ಲಿ ಲೂಥರ್ ಮೆಕಾರ್ಟಿ ಎಂಬ ತರುಣ ಮಲ್ಲನು ಮೊದಲ ಸುತ್ತಿನಲ್ಲಿಯೇ ಕುಸಿದು ಮೃತನಾದುದು ಬರ್ನ್ಸನಿಗೆ ದೊಡ್ಡ ಆಘಾತವಾಯಿತು. 1920ರಲ್ಲಿ ಲಂಡನ್ನಿನಲ್ಲಿ ಜೋ ಬೆಕೆಟ್ಟನಿಗೆ ಸೋತು ಅವನು ಮುಷ್ಟಿಯುದ್ಧದಿಂದ ನಿವೃತ್ತನಾದನು. ಗಳಿಸಿದ ಸಂಪತ್ತು 1929ರ ಆರ್ಥಿಕ ಕುಸಿತದ ಕಾಲದಲ್ಲಿ ಕರಗಿಹೋಯಿತು. ಇಳಿವಯಸ್ಸಿನಲ್ಲಿ, 1948ರಲ್ಲಿ, ಅವನು ಕ್ರೈಸ್ತ ಧರ್ಮೋಪದೇಶಕನಾದನು. ಒಂದು ಕಾಲದಲ್ಲಿ ಮುಷ್ಟಿಯಿಂದ ಬಾಳಿದವನು ಕೊನೆಗಾಲದಲ್ಲಿ ಪ್ರೀತಿಯನ್ನು ಬೋಧಿಸುತ್ತ ಊರೂರು ತಿರುಗಿದನು. 1955ರ ಮೇ 10ರಂದು ವ್ಯಾಂಕೂವರ್ ನಗರದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನ ವಯಸ್ಸು ಎಪ್ಪತ್ತಮೂರು. ಸಮೀಪದ ಬರ್ನಬಿಯ ಸ್ಮಶಾನದಲ್ಲಿ ಅವನನ್ನು ಮಣ್ಣುಮಾಡಿದರು. ಇಪ್ಪತ್ತು ಸಾವಿರ ಜನರ ಕಣ್ಣೆದುರು ಸೆಣಸಿದವನ ಅಂತ್ಯಕ್ರಿಯೆಗೆ ಬೆರಳೆಣಿಕೆಯ ಮಂದಿಯಷ್ಟೇ ಬಂದಿದ್ದರು. ಸಮಾಧಿಯ ಮೇಲೆ ಹೆಸರಿನ ಗುರುತೂ ಇರಲಿಲ್ಲ. 1961ರಲ್ಲಿ ಅಲ್ಲೊಂದು ಫಲಕವನ್ನು ಇಡಲಾಯಿತು. 1996ರಲ್ಲಿ ಅಂತರರಾಷ್ಟ್ರೀಯ ಮುಷ್ಟಿಯುದ್ಧ ಕೀರ್ತಿಭವನದಲ್ಲಿ ಅವನ ಹೆಸರನ್ನು ಸೇರಿಸಿದರು. ಸಿಡ್ನಿಯ ಆ ಬೆಳಗಿನಿಂದ ಈ ಮನ್ನಣೆಯವರೆಗೆ ಎಂಬತ್ತೇಳು ವರ್ಷಗಳು ಕಳೆದಿದ್ದುವು.

ಒಬ್ಬ ಮನುಷ್ಯನನ್ನು ಅವನ ಒಂದು ದಿನದಿಂದ ಅಳೆಯುವುದು ಸುಲಭ. ಪೂರ್ಣ ಬಾಳನ್ನು ಮುಂದಿಟ್ಟುಕೊಂಡು ತೂಗುವುದು ಕಷ್ಟ. ಟಾಮಿ ಬರ್ನ್ಸ್ ಮಹಾತ್ಮನಲ್ಲ, ಹೇಡಿಯೂ ಅಲ್ಲ. ಅವನಲ್ಲಿ ಹಣದಾಸೆಯಿತ್ತು, ಕಾಲದ ಕೊಳಕು ನಾಲಿಗೆಯ ಮೇಲಿತ್ತು; ಅವುಗಳ ಜೊತೆಗೆ ತನಗಿಂತ ಬಲಿಷ್ಠನಾದವನ ಎದುರು ನಿಲ್ಲುವ ಎದೆಗಾರಿಕೆಯೂ ಇತ್ತು. ಸೋಲುವ ಸಂಭವವಿದ್ದರೂ ಅರ್ಹನಾದ ಎದುರಾಳಿಗೆ ಅವಕಾಶ ಕೊಡುವುದು ಆಟದ ಮೊದಲ ಧರ್ಮ. ಆ ಧರ್ಮವನ್ನು ಅವನು ಕುಂದುಕೊರತೆಗಳ ನಡುವೆಯೇ ನಡೆಸಿಕೊಟ್ಟನು. ಆದುದರಿಂದ ಸಿಡ್ನಿಯ ಕಣದಲ್ಲಿ ಅವನು ಕಳೆದುಕೊಂಡ ಪ್ರಶಸ್ತಿಯೇ, ಇಂದು ನೋಡಿದರೆ, ಅವನ ಕೀರ್ತಿಗೆ ಆಧಾರವಾಗಿದೆ.

ಪದಗಳ ಅರ್ಥ

ಮುಷ್ಟಿಮಲ್ಲ – ಮುಷ್ಟಿಯಿಂದ ಹೋರಾಡುವ ಜಟ್ಟಿ
ಸೆಣಸು – ಎದುರಿಸಿ ಹೋರಾಡು
ಪಣ – ಪಂದ್ಯದಲ್ಲಿ ಒಡ್ಡುವ ವಸ್ತು
ಅಜೇಯ – ಸೋಲಿಲ್ಲದವನು
ಹಳಿ – ನಿಂದಿಸು
ಅಗುಳಿ – ಬಾಗಿಲನ್ನು ಒಳಗಿನಿಂದ ಭದ್ರಪಡಿಸುವ ಅಡ್ಡಪಟ್ಟಿ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಟಾಮಿ ಬರ್ನ್ಸನ ನಿಜವಾದ ಹೆಸರೇನು?
2. ‘ಬಣ್ಣದ ಗೆರೆ’ ಎಂದರೇನು?
3. ಸಿಡ್ನಿಯ ಪಂದ್ಯವನ್ನು ಏರ್ಪಡಿಸಿದವರು ಯಾರು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ:
1. ಬರ್ನ್ಸನು ತನ್ನ ಎತ್ತರದ ಕೊರತೆಯನ್ನು ಹೇಗೆ ತುಂಬಿಕೊಂಡನು?
2. ಬರ್ನ್ಸನ ಮೇಲಿನ ಮೂರು ಆರೋಪಗಳಲ್ಲಿ ನಿಮಗೆ ಯಾವುದು ಬಲವಾದುದೆಂದು ತೋರುತ್ತದೆ? ಏಕೆ?
3. ಜಾನ್ಸನ್ನನ ನಂತರ ಬಾಗಿಲು ಮತ್ತೆ ಮುಚ್ಚಿತೆಂದು ಹೇಳಲು ಕಾರಣವೇನು?

ಇ) ಸಂದರ್ಭದೊಡನೆ ವಿವರಿಸಿರಿ:
1. “ಸೆಣಸದೆ ಉಳಿದವರ ಕೀರ್ತಿಗೆ ಕುಂದು ಬರಲಿಲ್ಲ.”
2. “ಒಳಗಿನಿಂದ ಅಗುಳಿಯನ್ನು ತೆಗೆದವನನ್ನೂ ಮರೆಯಬಾರದು.”